ಅಮೆರಿಕದ ಕೌಂಟಿ ಜೈಲಿನಲ್ಲಿ ನಮ್ಮವರಿದ್ದಾರಾ? ದಾಖಲೆ ಹುಡುಕುವುದು ಹೀಗೆ

ಅಮೆರಿಕದಲ್ಲಿ ಓದುತ್ತಿರುವ ಮಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ. ರೂಮ್‌ಮೇಟ್ 'ಪೊಲೀಸರು ಕರೆದುಕೊಂಡು ಹೋದರು' ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಅಥವಾ ಯಾರೋ ಅಪರಿಚಿತ ಫೋನ್ ಮಾಡಿ, 'ನಿಮ್ಮ ಮಗಳು ಅರೆಸ್ಟ್ ಆಗಿದ್ದಾಳೆ, ಜಾಮೀನಿಗೆ ಈಗಲೇ ದುಡ್ಡು ಹಾಕಿ' ಎನ್ನುತ್ತಾನೆ. ಎರಡಕ್ಕೂ ಮೊದಲ ಹೆಜ್ಜೆ ಒಂದೇ: ಅಲ್ಲಿನ ಜೈಲಿನ ದಾಖಲೆಯನ್ನು ನೀವೇ ನೋಡುವುದು. ಯಾರನ್ನು ಒಳಗೆ ಹಾಕಿದ್ದಾರೆ, ಯಾವ ಆರೋಪದ ಮೇಲೆ ಎಂಬುದು ಅಲ್ಲಿ ಬಹುಪಾಲು ಕಡೆ ಸಾರ್ವಜನಿಕ ಮಾಹಿತಿ. ದಾವಣಗೆರೆಯಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು. ಒಂದು ಪೈಸೆ ಕೊಡಬೇಕಿಲ್ಲ. ಹೆಸರು ಕಾಣುವ ತನಕ ಯಾರಿಗೂ ದುಡ್ಡು ಕಳಿಸಬೇಡಿ.

ಮೊದಲು ಕೌಂಟಿ ಯಾವುದು ಅಂತ ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಹಿಡಿಯುವುದು ನಗರದ ಪೊಲೀಸರೇ ಆದರೂ ಒಯ್ದು ಹಾಕುವುದು ಸಾಮಾನ್ಯವಾಗಿ ಕೌಂಟಿ ಜೈಲಿಗೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿನ ಜೈಲು ನಡೆಸುವುದು ಹೆಚ್ಚಿನ ಕಡೆ ಜನರೇ ಆರಿಸಿದ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ, ಟೆಕ್ಸಾಸ್‌ನಲ್ಲಿ 254. ಒಬ್ಬೊಬ್ಬರ ಪಟ್ಟಿ ಒಂದೊಂದು ಕಡೆ. ಎಲ್ಲವನ್ನೂ ಒಟ್ಟಿಗೆ ತೋರಿಸುವ ಸರ್ಕಾರಿ ಪಟ್ಟಿ ಇಲ್ಲ.

ಮುಖ್ಯವಾದದ್ದು ಮಗ ಎಲ್ಲಿ ವಾಸವಿದ್ದಾನೆ ಎಂಬುದಲ್ಲ, ಘಟನೆ ಎಲ್ಲಿ ನಡೆಯಿತು ಎಂಬುದು. ನಮ್ಮವರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾದ ಬೇ ಏರಿಯಾವನ್ನೇ ನೋಡಿ. ಮಿಲ್ಪಿಟಾಸ್ ಮತ್ತು ಫ್ರೀಮಾಂಟ್ ಅಕ್ಕಪಕ್ಕದ ಊರುಗಳು. ಮಿಲ್ಪಿಟಾಸ್ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದ್ದು. ಅಲ್ಲಿ ಸಿಕ್ಕಿಬಿದ್ದವರು ಸ್ಯಾನ್ ಹೋಸೆಯ ಮೇನ್ ಜೈಲಿನಲ್ಲೋ ಎಲ್ಮ್‌ವುಡ್‌ನಲ್ಲೋ ಇರುತ್ತಾರೆ. ಫ್ರೀಮಾಂಟ್ ಅಲಮೀಡಾ ಕೌಂಟಿಯದು. ಅಲ್ಲಿ ಹಿಡಿದವರನ್ನು ಡಬ್ಲಿನ್ ಊರಿನ ಸಾಂಟಾ ರೀಟಾ ಜೈಲಿಗೆ ಒಯ್ಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣವಂತೂ ಹೆಸರಿಗೆ ಆ ನಗರದ್ದು, ಆದರೆ ಇರುವುದು ಸ್ಯಾನ್ ಮಟೇಯೊ ಕೌಂಟಿಯಲ್ಲಿ. ಟೆಕ್ಸಾಸ್‌ನ ಫ್ರಿಸ್ಕೊ ಊರು ಕಾಲಿನ್, ಡೆಂಟನ್ ಎಂಬ ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ. ಹಾಗಾಗಿ ಗಡಿಯ ಊರಾದರೆ ಅಕ್ಕಪಕ್ಕದ ಕೌಂಟಿಯನ್ನೂ ನೋಡಿ.

ಕೌಂಟಿ ಗೊತ್ತಾದ ಮೇಲೆ ಅದರ ಹೆಸರಿನ ಜೊತೆ 'ಶೆರಿಫ್ ಇನ್‌ಮೇಟ್ ಸರ್ಚ್' ಎಂದು ಇಂಗ್ಲಿಷಿನಲ್ಲಿ ಹುಡುಕಿ. ಮೇಲೆ ಬರುವುದು ಬಹಳ ಸಲ ಖಾಸಗಿ ಜಾಹೀರಾತು. 'ಫಲಿತಾಂಶ ಸಿದ್ಧವಾಗುತ್ತಿದೆ' ಎಂದು ಕಾಯಿಸಿ, ಕೊನೆಗೆ ಕಾರ್ಡ್ ನಂಬರ್ ಕೇಳುತ್ತವೆ. ಅವನ್ನು ಬಿಟ್ಟು ಶೆರಿಫ್ ಕಚೇರಿಯ ಅಥವಾ ಕೌಂಟಿಯ ಸ್ವಂತ ಪುಟಕ್ಕೇ ಹೋಗಿ. ಕೆಲವು ಸರ್ಕಾರಿ ಪುಟಗಳು ಭಾರತದಿಂದ ತೆರೆಯುವುದಿಲ್ಲ. ಆಗ ಅಲ್ಲಿರುವ ನೆಂಟರಿಗೋ ಸ್ನೇಹಿತರಿಗೋ ನೋಡಲು ಹೇಳಿ.

ಹೆಸರು ಹುಡುಕುವುದೇ ದೊಡ್ಡ ಕೆಲಸ

ಪುಟದಲ್ಲಿ ಎರಡು ಖಾಲಿ ಜಾಗ ಇರುತ್ತವೆ: ಮೊದಲ ಹೆಸರು, ಕೊನೆಯ ಹೆಸರು. ನಮ್ಮ ಹೆಸರುಗಳು ಈ ಎರಡು ಡಬ್ಬದಲ್ಲಿ ಸರಿಯಾಗಿ ಕೂರುವುದಿಲ್ಲ. ಅಪ್ಪನ ಹೆಸರು, ಊರಿನ ಹೆಸರು, ಇನಿಶಿಯಲ್, ಎಲ್ಲವೂ ಪಾಸ್‌ಪೋರ್ಟಿನಲ್ಲಿ ಒಂದೊಂದು ರೀತಿ ಬಿಡಿಸಿಕೊಂಡಿರುತ್ತವೆ. ಮನೆಯಲ್ಲಿ ಕರೆಯುವ ಹೆಸರನ್ನು ಮರೆತು ಪಾಸ್‌ಪೋರ್ಟಿನ ಪ್ರತಿ ಮುಂದಿಟ್ಟುಕೊಳ್ಳಿ. ಅದರಲ್ಲಿರುವ ಸ್ಪೆಲಿಂಗ್ ಅನ್ನೇ ಹಾಕಿ. ಸಿಗಲಿಲ್ಲವೆಂದರೆ ಹಿಂದುಮುಂದು ಮಾಡಿ ಹಾಕಿ. ಅಪ್ಪನ ಹೆಸರು ಕೊನೆಗೆ, ಆಮೇಲೆ ಊರಿನ ಹೆಸರು ಕೊನೆಗೆ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಇನ್ನೊಂದು ತೊಡಕು. ಅಮೆರಿಕದ ವೀಸಾದಲ್ಲಿ ಅಂಥವರ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬರುತ್ತದೆ. ಅಲ್ಲಿನ ಬೇರೆ ದಾಖಲೆಗಳಿಗೂ ಅದೇ ಹೆಸರು ಇಳಿದಿರಬಹುದು. ಹಾಗೂ ಹಾಕಿ ನೋಡಿ. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ 'ಡಬ್ಲ್ಯು' ಹಾಕಿ ಬರೆಯುವವರಿದ್ದಾರೆ, 'ಯು' ಹಾಕಿ ಬರೆಯುವವರಿದ್ದಾರೆ. ಜೈಲಿಗೆ ತಂದವರ ವಿವರ ಬರೆದುಕೊಳ್ಳುವ 'ಬುಕಿಂಗ್' ಕೌಂಟರಿನಲ್ಲಿ ಕೂತ ಸಿಬ್ಬಂದಿ ಕಿವಿಗೆ ಬಿದ್ದಂತೆ ಟೈಪ್ ಮಾಡಿರಲೂಬಹುದು. ಆದ್ದರಿಂದ ಪೂರ್ತಿ ಹೆಸರಿನ ಬದಲು ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕುವುದು ಒಳ್ಳೆಯದು. ಹುಟ್ಟಿದ ದಿನಾಂಕ ಕೇಳಿದರೆ ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು, ದಿನ ಆಮೇಲೆ.

ಸಮಯವನ್ನೂ ಲೆಕ್ಕ ಹಾಕಿ. ಹಿಡಿದ ತಕ್ಷಣ ಹೆಸರು ಬರುವುದಿಲ್ಲ. ಫೋಟೊ, ಬೆರಳಚ್ಚು, ಆರೋಗ್ಯದ ಪ್ರಶ್ನೆಗಳು, ಜೇಬಿನಲ್ಲಿದ್ದ ವಸ್ತುಗಳ ಪಟ್ಟಿ, ಇವೆಲ್ಲ ಮುಗಿಯಲು ಎಷ್ಟೋ ಗಂಟೆ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಹದಿಮೂರೂವರೆ. ಆ ರಾಜ್ಯದ ಕಾನೂನಿನಂತೆ ಬಂಧಿತರಿಗೆ ಮೂರು ಗಂಟೆಯೊಳಗೆ ಮೂರು ಫೋನ್ ಕರೆಗೆ ಅವಕಾಶ ಕೊಡಬೇಕು. ಆದರೆ ಜೈಲಿನ ಫೋನಿನಿಂದ ಭಾರತಕ್ಕೆ ಮಾತಾಡುವುದು ಸುಲಭವಲ್ಲ. ಕರೆ ಅಲ್ಲೇ ಇರುವ ಸ್ನೇಹಿತರಿಗೆ ಹೋಗಿರುವ ಸಾಧ್ಯತೆ ಜಾಸ್ತಿ. ಅವರನ್ನೂ ಕೇಳಿ.

ಸಿಕ್ಕ ದಾಖಲೆಯನ್ನು ಓದುವುದು

ಸಾಂಟಾ ಕ್ಲಾರಾದಲ್ಲಿ ಮಗನ ಹೆಸರು ಸಿಕ್ಕಿತು ಎನ್ನೋಣ. ಅದರ ಜೊತೆ ಎರಡು ನಂಬರ್ ಇರುತ್ತವೆ. ಬುಕಿಂಗ್ ನಂಬರ್ ಈ ಸಲದ ಬಂಧನಕ್ಕೆ ಮಾತ್ರ. 'ಪಿಎಫ್‌ಎನ್' ಎಂಬುದು ಆ ವ್ಯಕ್ತಿಗೆ ಕೊಟ್ಟ ನಂಬರ್. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಇದಕ್ಕೆ 'ಎಸ್‌ಪಿಎನ್' ಎನ್ನುತ್ತಾರೆ. ಎರಡನ್ನೂ ಬರೆದಿಟ್ಟುಕೊಳ್ಳಿ. ವಕೀಲರು, ಜೈಲಿನವರು, ದೂತಾವಾಸದವರು ಎಲ್ಲರೂ ಮೊದಲು ಕೇಳುವುದು ಇವನ್ನೇ.

ಅದರ ಕೆಳಗೆ ಆರೋಪದ ಸಾಲು. 'ವಿಸಿ 23152(ಎ)' ಎಂದಿದ್ದರೆ ಕ್ಯಾಲಿಫೋರ್ನಿಯಾದ ವಾಹನ ಕಾನೂನು, ಕುಡಿದು ಗಾಡಿ ಓಡಿಸಿದ್ದು. 'ಪಿಸಿ 273.5' ಎಂದಿದ್ದರೆ ದಂಡ ಸಂಹಿತೆ, ಹೆಂಡತಿ, ಗಂಡ ಅಥವಾ ಜೊತೆಗಾರರ ಮೇಲೆ ಗಾಯವಾಗುವಂತೆ ಕೈಮಾಡಿದ ಆರೋಪ. ಪಕ್ಕದಲ್ಲಿ 'ಎಂ' ಇದ್ದರೆ ಸಣ್ಣ ಅಪರಾಧ, 'ಎಫ್' ಇದ್ದರೆ ಗಂಭೀರ ಅಪರಾಧ. ಇದು ಪೊಲೀಸರು ಬರೆದ ಆರೋಪ ಅಷ್ಟೇ, ತೀರ್ಪಲ್ಲ. ಸರ್ಕಾರಿ ವಕೀಲರು ಇದನ್ನು ಬದಲಿಸಬಹುದು, ಕೇಸೇ ಹಾಕದೆಯೂ ಇರಬಹುದು. ಹಾಗಿರುವಾಗ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕುವುದು ದೊಡ್ಡ ಅನ್ಯಾಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕೇಸು ಬಿದ್ದುಹೋದ ಮೇಲೂ ಆ ಚಿತ್ರ ಊರೆಲ್ಲ ಸುತ್ತುತ್ತಿರುತ್ತದೆ.

ಮುಂದಿನ ಕೋರ್ಟ್ ದಿನಾಂಕವೂ ಅಲ್ಲೇ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಂಧಿತರನ್ನು 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಭಾನುವಾರ ಮತ್ತು ರಜಾದಿನ ಲೆಕ್ಕಕ್ಕಿಲ್ಲ. ಹಾಗಾಗಿ ಶುಕ್ರವಾರ ರಾತ್ರಿ ಒಳಗೆ ಹೋದವರು ಸೋಮವಾರವೋ ಮಂಗಳವಾರವೋ ಕೋರ್ಟ್ ನೋಡುತ್ತಾರೆ. ವಕೀಲರಿಗೆ ದುಡ್ಡಿಲ್ಲದವರಿಗೆ ಕ್ರಿಮಿನಲ್ ಕೇಸಿನಲ್ಲಿ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಆದರೆ ವೀಸಾದ ಮೇಲಿರುವವರು ವಲಸೆ ಕಾನೂನು ಗೊತ್ತಿರುವ ವಕೀಲರನ್ನೂ ಕೇಳಲೇಬೇಕು. ತಪ್ಪೊಪ್ಪಿಕೊಂಡು ಬೇಗ ಹೊರಬಂದರೆ ಸಾಕು ಎಂಬ ಆತುರದಿಂದ ವೀಸಾ ಕಳೆದುಕೊಳ್ಳಬಹುದು.

ಜಾಮೀನಿನ ಮೊತ್ತ ಕಂಡು ಗಾಬರಿಯಾಗಬೇಡಿ. 20,000 ಡಾಲರ್ ಎಂದಿದ್ದರೆ ಅಷ್ಟನ್ನೂ ಕಟ್ಟಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಾಂಡ್ ಏಜೆಂಟರು ಸಾಮಾನ್ಯವಾಗಿ ಶೇ 10ರಷ್ಟು ಪಡೆದು ಉಳಿದದ್ದಕ್ಕೆ ಹೊಣೆ ನಿಲ್ಲುತ್ತಾರೆ. ಆ ಶೇ 10 ವಾಪಸ್ ಬರುವುದಿಲ್ಲ. ಜಡ್ಜ್ ದುಡ್ಡಿಲ್ಲದೆಯೇ ಬಿಡುವುದೂ ಉಂಟು. ಷಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಂತೂ 2023ರ ಸೆಪ್ಟೆಂಬರ್ 18ರಿಂದ ದುಡ್ಡಿನ ಜಾಮೀನೇ ಇಲ್ಲ. ಅಲ್ಲಿನ ಕೇಸಿಗೆ ಯಾರಾದರೂ ಜಾಮೀನು ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ.

ಫೋನಿನಲ್ಲಿ ಮಾತಾಡುವ ಅವಕಾಶ ಸಿಕ್ಕರೆ ಕೇಸಿನ ವಿಷಯ ಎತ್ತಲೇಬೇಡಿ. ಜೈಲಿನ ಕರೆಗಳು ರೆಕಾರ್ಡ್ ಆಗುತ್ತವೆ. ಊಟ, ಔಷಧಿ, ವಕೀಲರು, ಧೈರ್ಯ, ಇಷ್ಟು ಸಾಕು.

ಹೆಸರು ಸಿಗದಿದ್ದರೆ

ಜೈಲಿಗೆ ಫೋನ್ ಮಾಡಿ, ಪೂರ್ತಿ ಹೆಸರು ಮತ್ತು ಹುಟ್ಟಿದ ದಿನಾಂಕ ಹೇಳಿ ಕೇಳಿ. ಅಲ್ಲೂ ಇಲ್ಲವೆಂದರೆ ಬಿಡುಗಡೆ ಆಗಿರಬಹುದು, ಬೇರೆ ಕಡೆ ಕಳಿಸಿರಬಹುದು. ವಲಸೆ ಇಲಾಖೆ, ಅಂದರೆ ಐಸ್, ವಶದಲ್ಲಿರುವವರಿಗೆ ಪ್ರತ್ಯೇಕ ಆನ್‌ಲೈನ್ ಹುಡುಕಾಟವಿದೆ. ಅಲ್ಲಿ ವಲಸೆ ಇಲಾಖೆ ವಿದೇಶಿಯರಿಗೆ ಕೊಡುವ ಒಂಬತ್ತು ಅಂಕಿಯ 'ಎ ನಂಬರ್' ಮತ್ತು ಹುಟ್ಟಿದ ದೇಶ, ಇಲ್ಲವೇ ಹೆಸರು ಮತ್ತು ಹುಟ್ಟಿದ ದೇಶ ಹಾಕಬೇಕು. ಎ ನಂಬರಿನಲ್ಲಿ ಎಂಟೇ ಅಂಕಿ ಇದ್ದರೆ ಮುಂದೆ ಸೊನ್ನೆ ಸೇರಿಸಿ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜೈಲುಗಳಿಗೂ ಬೇರೆಯದೇ ಪುಟವಿದ್ದು, 1982ರಿಂದ ಈಚಿನ ಕೈದಿಗಳ ಮಾಹಿತಿ ಅದರಲ್ಲಿದೆ.

ಕೈದಿ ಹೊರಬಂದಾಗ ತಿಳಿಸುವ 'ವೈನ್' ಎಂಬ ಉಚಿತ ಸೇವೆಯೂ ನೆನಪಿರಲಿ. ಕೆಂಟಕಿಯಲ್ಲಿ 1993ರಲ್ಲಿ ಒಬ್ಬ ಯುವತಿಯನ್ನು ಅವಳ ಮಾಜಿ ಗೆಳೆಯ ಕೊಂದ. ಅವಳ ಮೇಲಿನ ದೌರ್ಜನ್ಯಕ್ಕಾಗಿಯೇ ಅವನು ಜೈಲಿನಲ್ಲಿದ್ದ. ಅವನು ಹೊರಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಆಮೇಲೆ ಹುಟ್ಟಿದ್ದು ಈ ವ್ಯವಸ್ಥೆ. ಇದನ್ನು ಬಳಸುವ ಕೌಂಟಿಗಳಲ್ಲಿ, ಕೈದಿ ಬಿಡುಗಡೆಯಾದರೆ ನೋಂದಾಯಿಸಿಕೊಂಡವರಿಗೆ ಸಂದೇಶ ಬರುತ್ತದೆ. ಗಂಡನ ಹೊಡೆತಕ್ಕೆ ಪೊಲೀಸರನ್ನು ಕರೆದು, ಈಗ ಭಯದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ನಿಜವಾದ ಆಸರೆ. ಮಗಳಿಗೆ ಗೊತ್ತಿಲ್ಲದಿದ್ದರೆ ತಾಯಿ ತಂದೆಯೇ ತಿಳಿಸಿ.

ಭಾರತದ ದೂತಾವಾಸಕ್ಕೆ ಪೊಲೀಸರೇ ಹೇಳಿರುತ್ತಾರೆ ಎಂದು ಕಾಯಬೇಡಿ. 1963ರ ವಿಯೆನ್ನಾ ಒಪ್ಪಂದದಂತೆ, ಬಂಧಿತರು ಕೇಳಿದರೆ ಮಾತ್ರ ಅವರು ತಿಳಿಸಬೇಕು. ಕೆಲವು ದೇಶದವರ ವಿಷಯದಲ್ಲಿ ಕೇಳದಿದ್ದರೂ ತಿಳಿಸುವುದು ಕಡ್ಡಾಯ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಬುಕಿಂಗ್ ನಂಬರ್, ಜೈಲಿನ ಹೆಸರು, ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಂಡು ಆ ಪ್ರದೇಶದ ಕಾನ್ಸುಲೇಟ್‌ಗೆ ಇಮೇಲ್ ಮಾಡಿ. ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲಿನಲ್ಲೂ ದೂರು ದಾಖಲಿಸಿ.

ಬಿಡುಗಡೆಯಾದ ಮೇಲೆ ಹಲವು ಕೌಂಟಿಗಳ ಪಟ್ಟಿಯಿಂದ ಹೆಸರು ಮಾಯವಾಗುತ್ತದೆ. ಆದ್ದರಿಂದ ಕಂಡಾಗಲೇ ಪುಟವನ್ನು ನಿಮ್ಮ ಹತ್ತಿರ ಉಳಿಸಿಟ್ಟುಕೊಳ್ಳಿ. ಮುಂದೆ ವೀಸಾ ಅರ್ಜಿಗೆ ಅದೊಂದೇ ಸಾಲುವುದಿಲ್ಲ. ಕೇಸು ಹೇಗೆ ಮುಗಿಯಿತು ಎಂದು ತೋರಿಸುವ ಕೋರ್ಟಿನ ಮುದ್ರೆಯಿರುವ ಪ್ರತಿ ಬೇಕು. ಅದು ಸಿಗುವುದು ಶೆರಿಫ್ ಹತ್ತಿರ ಅಲ್ಲ, ಅದೇ ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಯಲ್ಲಿ.