ನರ್ಸರಿ ಗಿಡವನ್ನು ನೇರ ತಾರಸಿಗೆ ಏರಿಸಬೇಡಿ

ಒಂದು ಮಾರ್ಚ್‌ನಲ್ಲಿ ನರ್ಸರಿಯಿಂದ ದಾಸವಾಳದ ಗಿಡ ತಂದೆ. ಬಿಸಿಲಿನ ಗಿಡ ಅಲ್ವಾ, ಚೆನ್ನಾಗಿ ಹೂ ಬಿಡಲಿ ಅಂತ ಅವತ್ತೇ ತಾರಸಿಗೆ ಒಯ್ದೆ. ನಾಲ್ಕೇ ದಿನಕ್ಕೆ ಎಲೆಗಳಲ್ಲಿ ಬಿಳಿಚಿದ ತೇಪೆ, ಆಮೇಲೆ ಕಂದು. ನೀರು ಸಾಲದೇನೋ ಅಂತ ಎರಡು ಹೊತ್ತು ಸುರಿದೆ. ರೋಗ ಇರಬಹುದು ಅಂತ ಬೇವಿನೆಣ್ಣೆ ಹೊಡೆದೆ. ಎಣ್ಣೆ ಬಿದ್ದ ಎಲೆ ಬಿಸಿಲಿಗೆ ಇನ್ನೂ ಸುಟ್ಟಿತು! ರೋಗ ಇರಲೇ ಇಲ್ಲ.

ದಾಸವಾಳ ಬಿಸಿಲಿನದೇ. ಆದರೆ ಆ ಎಲೆಗಳು ಹುಟ್ಟಿದ್ದು ನರ್ಸರಿಯ ಹಸಿರು ಬಲೆಯ ಕೆಳಗೆ. ನೆರಳಿನ ಎಲೆ ಅಗಲವಾಗಿ, ತೆಳ್ಳಗೆ, ಕಡುಹಸಿರಾಗಿ ಇರುತ್ತದೆ. ಸಿಕ್ಕ ಚೂರು ಬೆಳಕನ್ನೂ ಬಿಡಬಾರದಲ್ಲ, ಅದಕ್ಕೆ ಬೆಳಕು ಹಿಡಿಯುವ ಸಾಮಾನನ್ನೇ ಜಾಸ್ತಿ ಇಟ್ಟುಕೊಂಡಿರುತ್ತದೆ. ಸಕ್ಕರೆ ಮಾಡುವ ಸಾಮಾನು ಕಡಿಮೆ. ಅಂಥ ಎಲೆಗೆ ಏಕಾಏಕಿ ಮಧ್ಯಾಹ್ನದ ಬಿಸಿಲು ಅಂದರೆ ಪುಟ್ಟ ಪಾತ್ರೆಯ ಹಾಲಿಗೆ ದೊಡ್ಡ ಉರಿ ಕೊಟ್ಟ ಹಾಗೆ. ಬಳಸಲಾಗದೆ ಉಳಿದ ಬೆಳಕು ಎಲೆಯನ್ನೇ ಕೆಡಿಸುತ್ತದೆ.

ಪಾಪ, ಎಲೆಯೂ ಸುಮ್ನೆ ಇರುವುದಿಲ್ಲ. ಬಿಸಿಲು ಹೆಚ್ಚಾದರೆ ಒಳಗಿನ ಹಸಿರು ಕಣಗಳು ನಿಮಿಷಗಳಲ್ಲೇ ಕೋಶದ ಅಂಚಿಗೆ ಸರಿದು, ಒಂದರ ನೆರಳಲ್ಲಿ ಇನ್ನೊಂದು ನಿಲ್ಲುತ್ತವೆ. ಹೆಚ್ಚಾದ ಬೆಳಕನ್ನು ಶಾಖ ಮಾಡಿ ಹೊರಹಾಕುವ ಏರ್ಪಾಡೂ ಇದೆ. ಸಕ್ಕರೆ ಮಾಡುವ ಪ್ರೋಟೀನನ್ನು ಹೆಚ್ಚಿಸಿಕೊಳ್ಳಲು ಮಾತ್ರ ದಿನಗಳೇ ಬೇಕು. ಇನ್ನು ಬಲಿತ ಎಲೆ ಬಿಸಿಲೆಲೆಯಷ್ಟು ದಪ್ಪ ಆಗಲಾರದು. ಅದಕ್ಕೆ ಹೊಸ ಚಿಗುರೇ ಬರಬೇಕು.

ಹಾಗಾಗಿ ಮೊದಲ ವಾರ ಬೆಳಗಿನ ಒಂಬತ್ತರವರೆಗಿನ ಎಳೆಬಿಸಿಲು ಸಾಕು. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಗಂಟೆ ಹೆಚ್ಚಿಸಿ. ಮಧ್ಯಾಹ್ನದ ಬಿಸಿಲು ಕೊನೆಗೆ. ಕುಂಡ ಎತ್ತಿಡಲು ಸೊಂಟ ಕೇಳದಿದ್ದರೆ ಹಳೆಯ ಬಿಳಿ ಪಂಚೆಯನ್ನು ಮೇಲೆ ಕಟ್ಟಿ, ನಾನು ಮಾಡುವುದು ಅದನ್ನೇ. ಅರ್ಧ ಸುಟ್ಟ ಎಲೆ ಕೀಳಬೇಡಿ, ಉಳಿದ ಹಸಿರು ಗಿಡಕ್ಕೆ ಊಟ ಹಾಕುತ್ತಿರುತ್ತದೆ. ಗೊಬ್ಬರವೂ ಆಗ ಬೇಡ.

ಹೊರಗಿನದನ್ನು ಒಳಗೆ ತಂದರೂ ಇದೇ ಕಥೆ, ತಿರುಗಾಮುರುಗಾ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹಾಲ್‌ನ ಮೂಲೆಯಲ್ಲಿ ಕೆಲವು ನೂರು ಸಿಕ್ಕರೆ ಹೆಚ್ಚು. ನಮ್ಮ ಕಣ್ಣಿಗೆ ಅಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಆಲದ ಜಾತಿಯ ಅಲಂಕಾರದ ಗಿಡ ಫೈಕಸ್ ಅಂತೂ ಎಲೆ ಉದುರಿಸಿ ಹೆದರಿಸುತ್ತದೆ. ಆಗ ನೀರು ಕಡಿಮೆ ಮಾಡಿ, ಎಲೆಯ ಧೂಳು ಒರೆಸಿ, ಕಿಟಕಿ ಪಕ್ಕಕ್ಕೆ ಸರಿಸಿ ಕಾಯಿರಿ. ನೆಂಟರು ಬಂದಾಗ ಒಳಗೆ, ಹೋದ ಮೇಲೆ ಹೊರಗೆ ಅಂತ ಓಡಾಡಿಸಬೇಡಿ.

ನನ್ನ ದಾಸವಾಳ ಹಳೆ ಎಲೆಯನ್ನೆಲ್ಲ ಉದುರಿಸಿತು. ತಾರಸಿಯಲ್ಲೇ ಬಂದ ಹೊಸ ಎಲೆಗಳು ಚಿಕ್ಕವು, ದಪ್ಪ, ಬಣ್ಣವೂ ಸ್ವಲ್ಪ ತಿಳಿ. ಮುಂದಿನ ಏಪ್ರಿಲ್‌ನಲ್ಲಿ ಒಂದಕ್ಕೂ ತೇಪೆ ಬೀಳಲಿಲ್ಲ.