ಬಣ್ಣ ನೋಡುವುದನ್ನು ಬಿಟ್ಟೆ, ಪತಂಗದ ಕುಟುಂಬ ಸಿಕ್ಕಿತು

ಜೀವಂತ ಪತಂಗವನ್ನು ಕೊಲ್ಲದೆ, ಕೊಯ್ಯದೆ, ಡಿಎನ್‌ಎ ಮಾಡಿಸದೆ ಅದು ಯಾವ ಕುಟುಂಬದ್ದು (ಹತ್ತಿರದ ಸಂಬಂಧದ ಪ್ರಭೇದಗಳ ದೊಡ್ಡ ಗುಂಪು) ಅಂತ ಹೇಳೋಕೆ ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಜೊತೆಯಲ್ಲಿ ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚುವ ಗೆಳೆಯರೇ ನಂಬಲಿಲ್ಲ. ಈಗ ನಾಲ್ಕು ವರ್ಷವಾಯಿತು. ನನ್ನ ಹತ್ತಿರ ಸುಮಾರು 1,200 ದಾಖಲೆಗಳಿವೆ. ಅದರಲ್ಲಿ 300ನ್ನು ಜೀವಮಾನವಿಡೀ ಇದೇ ಕೆಲಸ ಮಾಡಿದ ಒಬ್ಬ ಹಿರಿಯರ ಮುಂದಿಟ್ಟೆ. 270ರ ಆಸುಪಾಸು ಸರಿ ಇದ್ದವು. ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಮೊದಲ ಒಂದೂವರೆ ವರ್ಷ ಪೂರ್ತಿ ವ್ಯರ್ಥ. ಎಲ್ಲರೂ ಮಾಡುವ ಹಾಗೆ ನಾನೂ ಪುಸ್ತಕದ ಚಿತ್ರದ ಪಕ್ಕ ನನ್ನ ಫೋಟೋ ಇಟ್ಟು ಬಣ್ಣ ಹೊಂದಿಸುತ್ತಿದ್ದೆ. ಹೋಲಿಕೆ ಸಿಕ್ಕಿದರೆ ಹೆಸರು ಬರೆದು ಮುಂದಿನದಕ್ಕೆ ಹೋಗುವುದು. ಆದರೆ ಬಣ್ಣ ಸುಳ್ಳು ಹೇಳುತ್ತದೆ. ಯೂರೋಪಿನ ಅಮಾಟಾ ಫೆಜಿಯಾ ಪತಂಗವನ್ನೂ ಜೈಗೀನಾ ಎಫಿಯಾಲ್ಟಿಸ್ ಪತಂಗದ ಒಂದು ರೂಪವನ್ನೂ ನೋಡಿ. ಎರಡರದ್ದೂ ಕಪ್ಪು ರೆಕ್ಕೆ, ಬಿಳಿ ಚುಕ್ಕೆ, ಹೊಟ್ಟೆಗೆ ಹಳದಿ ಪಟ್ಟಿ. ಮೊದಲನೆಯದು ಎರೆಬಿಡೇ ಕುಟುಂಬ, ಎರಡನೆಯದು ಜೈಗೀನಿಡೇ ಕುಟುಂಬ. ಎರಡೂ ಬೇಟೆಗಾರರಿಗೆ ರುಚಿಸದ ಹುಳುಗಳು, ಒಂದೇ ವೇಷ ಹಾಕಿಕೊಂಡಿವೆ. ಎಪಿಕೋಪಿಯಾ ಅನ್ನುವ ಪತಂಗವಂತೂ ಬಾಲದ ಚಿಟ್ಟೆಯ ಹಾಗೆಯೇ ಇರುತ್ತದೆ. ಮೀಸೆ ನೋಡಿದರೆ ಬಾಚಣಿಗೆ, ಆಗ ಗುಟ್ಟು ಹೊರಬರುತ್ತದೆ.

ಅದರ ಮೇಲೆ ಹಳೆಯ ಪುಸ್ತಕದ ಪೆಟ್ಟು. ಲಿಮಾಂಟ್ರಿಡೇ, ಆರ್ಕ್ಟಿಡೇ ಕುಟುಂಬಗಳು ಅಂತ ಎರಡು ಕಪಾಟು ತುಂಬ ಲೇಬಲ್ ಅಂಟಿಸಿದ್ದೆ. 2011-12ರ ಹೊತ್ತಿಗೇ ಡಿಎನ್‌ಎ ಆಧಾರದ ಮೇಲೆ ಅವೆರಡನ್ನೂ ಎರೆಬಿಡೇ ಒಳಗೆ ಉಪಕುಟುಂಬ ಮಾಡಿ ಆಗಿತ್ತು. ಚಿಟ್ಟೆಗಳಲ್ಲೂ ಇದೇ ಕಥೆ. ಡನೈಡೇ, ಸಟೈರಿಡೇ ಈಗ ನಿಂಫಾಲಿಡೇ ಒಳಗಿವೆ. ಸುಮಾರು 200 ಲೇಬಲ್ ಕಿತ್ತು ಮತ್ತೆ ಬರೆದೆ. ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿ, ಆಮೇಲೆ ಚಿತ್ರ ನೋಡಿ.

ಇನ್ನು ದುಡ್ಡಿನ ವಿಷಯ. ಕಂಪ್ಯೂಟರ್‌ಗೆ ಸಿಕ್ಕಿಸುವ ಅಗ್ಗದ ಮೈಕ್ರೋಸ್ಕೋಪ್ ತಗೊಂಡೆ. ತೆರೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು, ಸ್ಪಷ್ಟವಾಗಿ ಏನೂ ಕಾಣುತ್ತಿರಲಿಲ್ಲ. ಮಾರಿದೆ, ಅರ್ಧವೂ ಬರಲಿಲ್ಲ. ಆಮೇಲೆ ಡಿಎನ್‌ಎಯ ಒಂದು ಚಿಕ್ಕ ತುಣುಕು ಓದಿ ಪ್ರಭೇದ ಗುರುತಿಸುವ ಬಾರ್‌ಕೋಡ್ ಪರೀಕ್ಷೆಗೆ ಪತಂಗಗಳ 12 ಕಾಲುಗಳನ್ನು ಕಳಿಸಿದೆ. ಮೂರು ತಿಂಗಳ ಉಳಿತಾಯ ಹೋಯಿತು. ಐದಕ್ಕೆ ಮಾತ್ರ ಉತ್ತರ ಬಂತು. ಅದರಲ್ಲೂ ಒಂದು ಪತಂಗದ್ದೇ ಅಲ್ಲ, ಅದರೊಳಗಿದ್ದ ವೋಲ್ಬೇಕಿಯಾ ಬ್ಯಾಕ್ಟೀರಿಯಾದ್ದು! ಹಣ ವಾಪಸ್ ಕೇಳಿದೆ, ಕೊಡಲಿಲ್ಲ. ಬಾರ್‌ಕೋಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಸ್ಟ್ರಾಪ್ಟಿಸ್ ಫುಲ್ಜೆರೇಟರ್ ಅಂತ ಒಂದೇ ಹೆಸರಲ್ಲಿ ಕರೆಯುತ್ತಿದ್ದ ಕೋಸ್ಟರಿಕಾದ ಚಿಟ್ಟೆಯಲ್ಲಿ ಹತ್ತು ಪ್ರಭೇದ ಅಡಗಿವೆ ಎಂದು 2004ರಲ್ಲಿ ತೋರಿಸಿದ್ದು ಬಾರ್‌ಕೋಡೇ. ಅದರ ಜೊತೆಗೆ ಕಂಬಳಿಹುಳು ಸಾಕಿದ ವರ್ಷಗಳ ದಾಖಲೆಯೂ ಇತ್ತು. ಆದರೆ ದಿನಕ್ಕೆ 40 ಪತಂಗ ಬರುವವನಿಗೆ ಅದು ಕೈಗೆಟುಕುವ ದಾರಿ ಅಲ್ಲ.

ದಾರಿ ಸಿಕ್ಕಿದ್ದು ಹಲ್ಲಿಯಿಂದ. ದೀಪದ ಕೆಳಗೆ ಹಲ್ಲಿ ಪತಂಗ ತಿಂದು ರೆಕ್ಕೆ ಬಿಟ್ಟು ಹೋಗುತ್ತದೆ, ಅಲ್ವಾ? ಬೆಳಿಗ್ಗೆ ಗುಡಿಸಿ ಹಾಕುತ್ತಿದ್ದೆ. ಒಂದು ದಿನ ಗಾಜಿನ ಮೇಲೆ ಬಿದ್ದಿದ್ದ ಹಿಂದಿನ ರೆಕ್ಕೆಯ ಮೇಲೆ ಬ್ರಷ್ ತೊಳೆದ ಆಲ್ಕೋಹಾಲ್ ಒಂದು ಹನಿ ಬಿತ್ತು. ಬೂದು ಬಣ್ಣ ಒದ್ದೆಯಾಗಿ ತಿಳಿಯಾಯಿತು. ಒಳಗಿನ ನರಗಳು ಒಂದೊಂದೇ ಎದ್ದು ಬಂದವು, ಒದ್ದೆ ಎಲೆಯನ್ನು ಬಿಸಿಲಿಗೆ ಹಿಡಿದ ಹಾಗೆ. ಸುಮಾರು ಅರ್ಧ ನಿಮಿಷ ಇದ್ದವು, ಆರುತ್ತಿದ್ದಂತೆ ಮಾಯ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಆ ಅರ್ಧ ನಿಮಿಷ ನೋಡಿದ್ದು ಒಂದೂವರೆ ವರ್ಷದಲ್ಲಿ ಕಲಿತದ್ದಕ್ಕಿಂತ ಜಾಸ್ತಿ.

ರೆಕ್ಕೆ ಮುಚ್ಚಿದ ಪುಡಿಯಂಥ ಹುರುಪೆಯನ್ನು ಪೂರ್ತಿ ತೆಗೆಯೋಣ ಅಂತ ಬ್ಲೀಚ್‌ಗೂ ಹಾಕಿದೆ. ಮೊದಲ ಸಲ ರಾತ್ರಿ ಬಿಟ್ಟು ಮಲಗಿದೆ. ಬೆಳಿಗ್ಗೆ ರೆಕ್ಕೆಯೇ ಇರಲಿಲ್ಲ. ಈಗ ಮೊದಲು ಆಲ್ಕೋಹಾಲ್‌ನಲ್ಲಿ ನೆನೆಸುತ್ತೇನೆ, ಇಲ್ಲದಿದ್ದರೆ ಬ್ಲೀಚ್ ಹಿಡಿಯುವುದಿಲ್ಲ. ಆಮೇಲೆ ನೀರು ಬೆರೆಸಿದ ಬ್ಲೀಚ್‌ನಲ್ಲಿ ಒಂದೆರಡು ನಿಮಿಷ. ಕಣ್ಣು ತೆಗೆಯಬಾರದು. ಹೀಗೆ ಬಿದ್ದ ರೆಕ್ಕೆಗಳಲ್ಲೇ 150ರಷ್ಟು ನರಜಾಲ ಓದಿ ಕಣ್ಣು ಪಳಗಿಸಿಕೊಂಡೆ. ಖರ್ಚು ಹೆಚ್ಚುಕಮ್ಮಿ ಸೊನ್ನೆ.

ಜೀವಂತ ಪತಂಗಕ್ಕೆ ತಂಪು ಬೇಕು. ಮೊದಲು ಫ್ರೀಜರ್‌ಗೆ ಇಟ್ಟು ಎರಡನ್ನು ಕೊಂದೆ, ಇನ್ನೂ ಬೇಜಾರಿದೆ. ಈಗ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ 15-20 ನಿಮಿಷ. ಗಾಜಿನ ತಳದ ಡಬ್ಬಿಗೆ ಹಾಕಿ ಕೆಳಗಿನಿಂದ ಫೋಟೋ. ಆ ಫೋಟೋವನ್ನು ಕಪ್ಪು-ಬಿಳುಪು ಮಾಡಿಯೇ ನೋಡುತ್ತೇನೆ. ನನ್ನ ವಿಧಾನದ ಜೀವ ಇದೇ. ಬಣ್ಣ ಕಂಡರೆ ಮನಸ್ಸು ತಾನಾಗಿ ಹೆಸರು ಹೇಳಿಬಿಡುತ್ತದೆ, ಆಮೇಲೆ ಕಣ್ಣು ಅದಕ್ಕೆ ಸಾಕ್ಷಿ ಹುಡುಕುತ್ತದೆ.

ಮೊದಲು ನೋಡುವುದು ಹೀರುಕೊಳವೆಯ (ಬಾಯಿಯ ಕೊಳವೆ) ಬುಡ. ಅಲ್ಲಿ ಹುರುಪೆ ಇದ್ದು, ಹೊಟ್ಟೆಯ ಬುಡದಲ್ಲಿ ಕಿವಿಯೂ (ಸದ್ದು ಹಿಡಿಯುವ ತೆಳು ಪೊರೆ) ಇದ್ದರೆ ಕ್ರಾಂಬಿಡೇ ಅಥವಾ ಪೈರಾಲಿಡೇ. ಹುರುಪೆ ಇದ್ದು ಕಿವಿ ಇಲ್ಲ, ಬಾಯಿ ಪಕ್ಕದ ಪಾಲ್ಪ್ ಎಂಬ ಪುಟ್ಟ ಅಂಗಗಳು ಕೊಂಬಿನ ಹಾಗೆ ಮೇಲಕ್ಕೆ ಬಾಗಿದ್ದರೆ ಹೆಚ್ಚಾಗಿ ಗೆಲೆಕಿಯಾ ಗುಂಪು. ಬುಡ ಬೋಳಾಗಿದ್ದು ಕಿವಿ ಹೊಟ್ಟೆಯಲ್ಲಿದ್ದರೆ ಜಿಯೋಮೆಟ್ರಿಡೇ ಕಡೆ ಹೋಗುತ್ತೇನೆ. ಕಿವಿ ಎದೆಯ ಹಿಂಭಾಗದಲ್ಲಿದ್ದರೆ ನಾಕ್ಟುಯ್ಡಿಯಾ, ಅಂದರೆ ಹಲವು ಕುಟುಂಬಗಳ ಒಂದು ದೊಡ್ಡ ಗುಂಪು. ಆಗ ಹಿಂದಿನ ರೆಕ್ಕೆಯ ನಡುವಿನ ಮೂರು ನರಗಳಲ್ಲಿ (ಎಂ1, ಎಂ2, ಎಂ3) ಎಂ2 ನರ ನೋಡಬೇಕು. ಅದು ಗಟ್ಟಿಯಾಗಿದ್ದು ಎಂ3ರ ಹತ್ತಿರ ಬಂದಿದ್ದರೆ ಎರೆಬಿಡೇ ಸಾಧ್ಯತೆ ಜಾಸ್ತಿ. ಮಸುಕಾಗಿದ್ದರೆ ಹೆಚ್ಚಾಗಿ ನಾಕ್ಟುಯಿಡೇ. ಕಿವಿ ಕಾಣಲು ಹಿಂದಿನ ರೆಕ್ಕೆಯನ್ನು ಸ್ವಲ್ಪ ಎತ್ತಿ ಹಿಡಿಯಬೇಕು. ಹುರುಪೆ ಉದುರದ ಹಾಗೆ ಅದನ್ನು ಹೇಗೆ ನಿಲ್ಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಏಳು ತಿಂಗಳು ಬೇಕಾಯಿತು.

ಚಿಟ್ಟೆಗಳು ಇದರ ಮುಂದೆ ಸುಲಭ. ನಾಲ್ಕೇ ಕಾಲಲ್ಲಿ ನಿಂತರೆ ಹೆಚ್ಚಾಗಿ ನಿಂಫಾಲಿಡೇ, ಉಗುರು ಸೀಳಿದ್ದರೆ ಪಿಯರಿಡೇ. ಎರಡು ಮೀಸೆಗಳ ಬುಡ ದೂರ ಇದ್ದು ತುದಿ ಕೊಕ್ಕೆಯಾಗಿದ್ದರೆ ಹೆಸ್ಪೆರಿಡೇ. ಚಿಟ್ಟೆ ಬೇರೆ, ಪತಂಗ ಬೇರೆ ಅನ್ನುವ ಗೆರೆಯನ್ನು ಮಾತ್ರ ನಾನು ಈಗ ಎಳೆಯುವುದಿಲ್ಲ. ಚಿಟ್ಟೆಗಳು ಪತಂಗದ ಮರದಲ್ಲಿ ಒಂದು ಕೊಂಬೆ ಅಷ್ಟೇ. ಅಮೆರಿಕ ಖಂಡಗಳ ಹೆಡಿಲಿಡೇ ಕುಟುಂಬದವು ಹೆಚ್ಚಾಗಿ ರಾತ್ರಿ ಹಾರುತ್ತವೆ, ಮೀಸೆ ತುದಿಯಲ್ಲಿ ಗುಂಡೂ ಇಲ್ಲ, ಆದರೂ ಚಿಟ್ಟೆಗಳೇ. ರೆಕ್ಕೆ ಜೋಡಿಸುವ ಫ್ರೆನ್ಯುಲಮ್ ಮುಳ್ಳು ಪತಂಗಕ್ಕೆ ಮಾತ್ರ ಅಂತ ಹೇಳೋಣ ಅಂದರೆ, ಆಸ್ಟ್ರೇಲಿಯಾದ ಯೂಷೆಮನ್ ಚಿಟ್ಟೆಯ ಗಂಡಿಗೆ ಅದೂ ಇದೆ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಟೇಪ್‌ಗೆ ಹುರುಪೆ ಅಂಟಿಸಿ, ಅದರ ಆಕಾರದಿಂದಲೇ ಕುಟುಂಬ ಹೇಳಬಹುದಾ ಅಂತ. 80 ಪಟ್ಟಿ ಮಾಡಿದೆ. ಒಂದೇ ರೆಕ್ಕೆಯಲ್ಲಿ ಅಂಚಿನದು ಬೇರೆ, ನಡುವಿನದು ಬೇರೆ. ಬಿಟ್ಟೆ. ಕಂಬಳಿಹುಳು ಸಾಕುವುದನ್ನು ಮಾತ್ರ ಬಿಟ್ಟಿಲ್ಲ. ಹತ್ತರಲ್ಲಿ ಮೂರರಿಂದ ಪತಂಗದ ಬದಲು ಪರಾವಲಂಬಿ ಕಣಜ ಬಂತು. ಆದರೆ ಹೊಟ್ಟೆಗಾಲುಗಳನ್ನು ಎಣಿಸುವುದು ಕಲಿತೆ. ಐದು ಜೊತೆಗಿಂತ ಜಾಸ್ತಿ ಇದ್ದು, ಅವುಗಳ ತುದಿಯಲ್ಲಿ ಕೊಕ್ಕೆಸಾಲು ಇಲ್ಲದಿದ್ದರೆ ಅದು ಪತಂಗದ ಮರಿಯೇ ಅಲ್ಲ, ಕಣಜದ ಬಂಧುವಾದ ಗರಗಸ ನೊಣದ್ದು.

ಉಳಿದಿರುವುದು ಒಂದು ಸೆಂಟಿಮೀಟರ್ ಒಳಗಿನ ಪುಟ್ಟವು. 140 ಡಬ್ಬಿ ಹಾಗೇ ಇವೆ, ಲೇಬಲ್‌ನಲ್ಲಿ ಕುಟುಂಬದ ಜಾಗ ಖಾಲಿ. ಆಲ್ಕೋಹಾಲ್ ಹನಿ ಬಿದ್ದರೆ ಆ ರೆಕ್ಕೆಗಳು ಸುರುಟಿಕೊಳ್ಳುತ್ತವೆ. ಈಗ ಎರಡು ತೆಳು ಗಾಜಿನ ನಡುವೆ ಇಟ್ಟು ಪಕ್ಕದಿಂದ ಹನಿ ಬಿಡುತ್ತಿದ್ದೇನೆ. ಕಳೆದ ವಾರ 11ರಲ್ಲಿ 8 ಬಿಚ್ಚಿಕೊಂಡವು.