ಲಿವರ್‌ನ ಬಾಗಿಲು ತೆರೆದರೆ ಕೊಲೆಸ್ಟ್ರಾಲ್ ಇಳಿಯುತ್ತದೆ

ತಿಪಟೂರಿನ ಬಳಿಯ ನಮ್ಮ ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ವರ್ಷವಿಡೀ ತೆಂಗಿನಕಾಯಿ ತುಂಬಿರುತ್ತದೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದು, ಒಳಗಿನ ನೀರೆಲ್ಲ ಆರಿ, ಅಲುಗಿಸಿದರೆ ಲೊಟಲೊಟ ಎಂದಾಗ ಅದು ಉಂಡೆ ಕೊಬ್ಬರಿ. ಸಂಜೆ ತೋಟದಿಂದ ಬಂದು ಕೈಕಾಲು ತೊಳೆದವರೇ ಒಂದು ತುಂಡು ಕೊಬ್ಬರಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು ಅವರ ಬಾಲ್ಯದ ಅಭ್ಯಾಸ. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂದಾಗ ಬೆಲ್ಲ ಬಿಟ್ಟರು, ಕೊಬ್ಬರಿ ಉಳಿಯಿತು. ಕಳೆದ ವರ್ಷ ರಕ್ತ ಪರೀಕ್ಷೆಯ ವರದಿ ಹಿಡಿದುಕೊಂಡು ಬಂದು ಕೇಳಿದರು: "ತೆಂಗಿನಲ್ಲಿ ಕೊಲೆಸ್ಟ್ರಾಲೇ ಇಲ್ಲವಂತಲ್ಲಮ್ಮ, ಮತ್ತೆ ನನಗೆಲ್ಲಿಂದ ಬಂತು?"

ಅವರು ಕೇಳಿದ್ದು ಸರಿಯಾಗಿಯೇ ಇದೆ. ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ತಾಳೆ ಎಣ್ಣೆ, ಯಾವ ಗಿಡದ ಎಣ್ಣೆಯಲ್ಲೂ ಇಲ್ಲ. 'ಕೊಲೆಸ್ಟ್ರಾಲ್ ಮುಕ್ತ' ಎಂದು ಎಣ್ಣೆಯ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯುವುದರಿಂದ ನಮಗೆ ಹೊಸದೇನೂ ತಿಳಿಯುವುದಿಲ್ಲ. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲ್‌ನ ಮುಕ್ಕಾಲು ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, ವಿಟಮಿನ್ ಡಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಕೊಲೆಸ್ಟ್ರಾಲನ್ನು ಹೊತ್ತು ರಕ್ತದಲ್ಲಿ ಸುತ್ತುವ ಎಲ್‌ಡಿಎಲ್ ಎಂಬ ಕಣಗಳನ್ನು ಯಕೃತ್ತು, ಅಂದರೆ ಲಿವರ್, ಒಳಗೆಳೆದುಕೊಂಡು ವಿಲೇವಾರಿ ಮಾಡುತ್ತದೆ. ಹಾಗೆ ಎಳೆದುಕೊಳ್ಳಲು ಅದರ ಕೋಶಗಳ ಮೇಲೆ ಪುಟ್ಟ ಬಾಗಿಲುಗಳಿವೆ. ಇವನ್ನು ಪತ್ತೆ ಹಚ್ಚಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಬಾಗಿಲು ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಉಳಿದು, ನಿಧಾನವಾಗಿ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ತುಪ್ಪ, ಬೆಣ್ಣೆ, ಕೊಬ್ಬರಿ, ತಾಳೆ ಎಣ್ಣೆಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಈ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಇನ್ನು ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಬಾಗಿಲುಗಳನ್ನು ಹೆಚ್ಚಿಸುವ ಉಪಾಯಗಳೇ.

ಮೊದಲ ಹೆಜ್ಜೆ: ಪರೀಕ್ಷೆ

ಕೊಲೆಸ್ಟ್ರಾಲ್ ಹೆಚ್ಚಾದರೆ ಸುಸ್ತಾಗುವುದಿಲ್ಲ, ತಲೆ ಸುತ್ತುವುದಿಲ್ಲ, ಎಲ್ಲೂ ನೋಯುವುದಿಲ್ಲ. 'ನನಗೇನೂ ಆಗಿಲ್ಲ' ಎಂಬ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ, ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಮಾಡಿಸಿಯೇ ತಿಳಿಯಬೇಕು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು, ಅದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ. ಟ್ರೈಗ್ಲಿಸರೈಡ್ ಎಂಬ ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು ಹೆಚ್ಚು ಬಂದರೆ ಮಾತ್ರ ವೈದ್ಯರು ರಾತ್ರಿ ಊಟದ ನಂತರ 10–12 ಗಂಟೆ ಉಪವಾಸವಿದ್ದು ಮತ್ತೊಮ್ಮೆ ಬರಲು ಹೇಳಬಹುದು. ಜೋರು ಜ್ವರ ಅಥವಾ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಮಾಡಿಸಬೇಡಿ. ಕಾಯಿಲೆಯಲ್ಲಿ ಎಲ್‌ಡಿಎಲ್ ತಾನಾಗಿಯೇ ಇಳಿದಿರುತ್ತದೆ, ಅದನ್ನು ನಂಬಿ ನೀವು ಮೋಸಹೋಗುತ್ತೀರಿ.

ಎರಡನೆಯದು: ವರದಿಯನ್ನು ನೀವೇ ಓದಿ

ಚಿಕ್ಕಪ್ಪನ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 232, 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210 ಎಂದಿತ್ತು (ಇಲ್ಲಿನ ಅಂಕಿಗಳೆಲ್ಲ ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು). ಹಾಲ್‌ನಲ್ಲಿ ಚಾಪೆಯ ಮೇಲೆ ಕುಳಿತು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 42. ಒಟ್ಟು ಅಂಕಿಯಿಂದ 38 ಮತ್ತು 42 ಕಳೆದರೆ 152, ಅದೇ ಎಲ್‌ಡಿಎಲ್. ಬಹಳಷ್ಟು ಪ್ರಯೋಗಾಲಯಗಳು ಇದೇ ಸೂತ್ರದಿಂದ ಎಲ್‌ಡಿಎಲ್ ಬರೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ತಪ್ಪುತ್ತದೆ, ಆಗ ನೇರವಾಗಿ ಅಳೆಯಬೇಕು. ಇನ್ನೂ ಒಂದು ಸುಲಭದ ಲೆಕ್ಕವಿದೆ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಒಂದನ್ನೇ ಕಳೆಯಿರಿ. ಇಲ್ಲಿ 194. ಇದು ನಾನ್-ಎಚ್‌ಡಿಎಲ್, ರಕ್ತನಾಳಕ್ಕೆ ಕೇಡು ಮಾಡುವ ಎಲ್ಲ ಕಣಗಳ ಮೊತ್ತ. ನಮ್ಮ ದೇಶದಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವವರು ಬಹಳ. ಹಾಗಾಗಿ ಈ ಅಂಕಿಯನ್ನು ಮರೆಯಬೇಡಿ.

ವರದಿಯ ಬಲಬದಿಯಲ್ಲಿ ಮುದ್ರಿಸಿರುವ 'ಸಾಮಾನ್ಯ ಮಟ್ಟ' ಎಲ್ಲರಿಗೂ ಒಂದೇ ಎಂಬುದನ್ನು ಮನಸ್ಸಿಟ್ಟು ಗಮನಿಸಿ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆಯೇ ಎಂಬುದು ಆ ಕಾಗದಕ್ಕೆ ಗೊತ್ತಿಲ್ಲ. ಅದೇ 2024ರ ಮಾರ್ಗಸೂಚಿಯಂತೆ, ಬೇರೆ ತೊಂದರೆ ಇಲ್ಲದವರಿಗೆ ಎಲ್‌ಡಿಎಲ್ 100ರ ಒಳಗಿರಬೇಕು. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಿಗೆ 70ರ ಒಳಗೆ, ಹೃದಯಾಘಾತವಾದವರಿಗೆ 55ರ ಒಳಗೆ. ನಾನ್-ಎಚ್‌ಡಿಎಲ್ ಕ್ರಮವಾಗಿ 130, 100 ಮತ್ತು 85ರ ಒಳಗೆ. ಎಲ್‌ಡಿಎಲ್ 98 ಬಂದು, ಪಕ್ಕದಲ್ಲಿ 'ಹೆಚ್ಚಿದೆ' ಎಂದು ತೋರಿಸುವ ನಕ್ಷತ್ರದ ಗುರುತಿಲ್ಲವೆಂದು ಸ್ಟೆಂಟ್ ಹಾಕಿಸಿಕೊಂಡವರು ನೆಮ್ಮದಿಯಿಂದ ಮನೆಗೆ ಹೋಗುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಂಕಿ ಹೆಚ್ಚಿದ್ದರೆ ಒಮ್ಮೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಗ್ರಂಥಿ ಮಂದವಾದರೂ ಲಿವರ್‌ನ ಬಾಗಿಲು ಕಡಿಮೆಯಾಗುತ್ತದೆ. ಅದಕ್ಕೆ ಚಿಕಿತ್ಸೆ ಕೊಟ್ಟರೆ ಕೊಲೆಸ್ಟ್ರಾಲ್ ಎಷ್ಟೋ ಇಳಿಯುತ್ತದೆ.

ಮೂರನೆಯದು: ಅಡುಗೆಮನೆ

ದಿನಕ್ಕೆ 2,000 ಕ್ಯಾಲೊರಿಯ ಊಟ ಮಾಡುವವರು ಎಲ್‌ಡಿಎಲ್ ಇಳಿಸಬೇಕಾದರೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 15 ಗ್ರಾಂ ಮೀರಬಾರದು. ಚಿಕ್ಕಪ್ಪ ಸಂಜೆ ತಿನ್ನುವ ಕೊಬ್ಬರಿ ತುಂಡನ್ನು ಚಿಕ್ಕಮ್ಮ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದರು. 25 ಗ್ರಾಂ ಇತ್ತು. ಅಷ್ಟರಲ್ಲೇ 14 ಗ್ರಾಂ ಸ್ಯಾಚುರೇಟೆಡ್ ಕೊಬ್ಬು! ರಾತ್ರಿಯ ಸಾರು, ಹಾಲು, ಒಗ್ಗರಣೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಸಿ ತೆಂಗಿನ ತುರಿಯಲ್ಲಿ ನೀರಿನಂಶ ಇರುವುದರಿಂದ ಅದೇ ತೂಕಕ್ಕೆ ಸುಮಾರು 7 ಗ್ರಾಂ. ಎಳನೀರಿನಲ್ಲಿ ಕೊಬ್ಬು ಇಲ್ಲವೆಂದೇ ಹೇಳಬಹುದು.

ಕಲ್ಪತರು ನಾಡಿನವರಿಗೆ ತೆಂಗು ಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಚಿಕ್ಕಮ್ಮ ಕಂಡುಕೊಂಡ ದಾರಿ ಇದು: ಸಾರಿಗೆ ಒಂದು ಹೋಳು ತುರಿಯುತ್ತಿದ್ದವರು ಈಗ ಅರ್ಧ ಹೋಳು ತುರಿಯುತ್ತಾರೆ, ಮಂದ ಬರಲು ಬೆಂದ ಕಾಳನ್ನು ಒಂದು ಹಿಡಿ ಖಾರದ ಜೊತೆ ರುಬ್ಬುತ್ತಾರೆ. ರುಚಿ ಕೆಟ್ಟಿಲ್ಲ, ನಾನೇ ಉಂಡಿದ್ದೇನೆ. ಸಂಜೆಯ ಕೊಬ್ಬರಿಯ ಜಾಗಕ್ಕೆ ಒಂದು ಹಿಡಿ ಹುರಿದ ಕಡಲೆಕಾಯಿ ಬಂದಿದೆ. ಅದರಲ್ಲೂ ಕೊಬ್ಬು ಇದೆ, ಆದರೆ ಬಹುಪಾಲು ಬೇರೆ ಬಗೆಯದು. ಅದು ಎಲ್‌ಡಿಎಲ್ ಏರಿಸುವುದಿಲ್ಲ. ಪಾವಗಡ, ಶಿರಾ, ಮಧುಗಿರಿಯ ಕಡೆಯವರಿಗೆ ಕಡಲೆಕಾಯಿಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ.

ಇನ್ನು ಕಾಳು. ಹುರುಳಿ, ಅವರೆ, ಅಲಸಂದೆಗಳಲ್ಲಿ ನೀರಿನಲ್ಲಿ ಕರಗುವ ನಾರಿದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್‌ಗೆ ಕೊಲೆಸ್ಟ್ರಾಲ್ ಬೇಕು, ಅದಕ್ಕಾಗಿ ತನ್ನ ಬಾಗಿಲುಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತದೆ. ಬಸ್ಸಾರು ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ: ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಮತ್ತು ಸೊಪ್ಪು ಪಲ್ಯವಾಗಿ ತಟ್ಟೆಗೆ ಬರುತ್ತದೆ. ಬರೀ ಹುರುಳಿ ಕಟ್ಟು ಕುಡಿದು ಕಾಳನ್ನು ಹಸುವಿಗೆ ಹಾಕಿದರೆ ನಾರಿನ ಬಹುಪಾಲು ಹಸುವಿಗೇ ಸೇರುತ್ತದೆ. ರಾಗಿಯಲ್ಲೂ ನಾರು ಚೆನ್ನಾಗಿದೆ, ಆದರೆ ಹೆಚ್ಚಿನದು ಕರಗದ ಬಗೆಯದು. ಎಲ್‌ಡಿಎಲ್ ಇಳಿಸುವ ಕೆಲಸ ಮುದ್ದೆಗಿಂತ ಅದರ ಜೊತೆಗಿರುವ ಕಾಳಿನದು. ಟ್ರೈಗ್ಲಿಸರೈಡ್ ಹೆಚ್ಚಿರುವವರು ಮುದ್ದೆ, ಅನ್ನ ಎರಡರ ಪ್ರಮಾಣವನ್ನೂ ತಗ್ಗಿಸಬೇಕು, ಸಕ್ಕರೆ ಮತ್ತು ಮದ್ಯ ಬಿಡಬೇಕು. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಗೇ ಅಪಾಯ, ತಡಮಾಡದೆ ವೈದ್ಯರನ್ನು ಕಾಣಿ.

ಎಣ್ಣೆ ಯಾವುದು ಎಂಬ ಚರ್ಚೆಗಿಂತ ಎಷ್ಟು ಎಂಬುದು ಮುಖ್ಯ. ನಾಲ್ಕು ಜನರ ಮನೆಗೆ ತಿಂಗಳಿಗೆ 2 ಲೀಟರ್ ಸಾಕು. ಗಾಣದ ಕಡಲೆಕಾಯಿ ಎಣ್ಣೆಯಾದರೂ ಲೆಕ್ಕ ಅದೇ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ 2ರ ಮಿತಿ ಇದೆಯಾದರೂ ಪಫ್ಸ್, ಬಿಸ್ಕತ್ತುಗಳಿಗೆ ಬಳಸುವ ಗಟ್ಟಿ ಕೊಬ್ಬು ಆರೋಗ್ಯಕ್ಕೆ ಒಳ್ಳೆಯದೇನೂ ಆಗಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹಬೆಯಲ್ಲಿ ಬೆಂದದ್ದು, ಹೆದರಬೇಡಿ, ಮೇಲಿನ ಬೆಣ್ಣೆಯನ್ನಷ್ಟೇ ಬೇಡವೆನ್ನಿ. ಮನೆಯ ಹಸುವಿನ ಹಾಲಾದರೆ ಕೆನೆ ತೆಗೆಯಿರಿ, ಪೊಟ್ಟಣದ್ದಾದರೆ ಶೇ 6 ಕೊಬ್ಬಿನದನ್ನು ಬಿಟ್ಟು ಶೇ 3 ಅಥವಾ 1.5ರದ್ದನ್ನು ತನ್ನಿ. ಮೊಟ್ಟೆಯ ಮೇಲೆ ಇರುವಷ್ಟು ಅಪವಾದ ಅದಕ್ಕೆ ಸಲ್ಲದು. ದಿನಕ್ಕೊಂದು ಮೊಟ್ಟೆ ಹೆಚ್ಚಿನವರಿಗೆ ತೊಂದರೆ ಮಾಡುವುದಿಲ್ಲ, ಸಕ್ಕರೆ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ.

ಬೀಡಿ, ಸಿಗರೇಟು ಬಿಟ್ಟರೆ ಎಚ್‌ಡಿಎಲ್ ಸುಧಾರಿಸುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಟ್ರೈಗ್ಲಿಸರೈಡ್ ಇಳಿಯುತ್ತದೆ. ತುಮಕೂರಿನವರಿಗೆ ಅಮಾನಿಕೆರೆಯ ದಡವಿದೆ, ಹಳ್ಳಿಯವರಿಗೆ ತೋಟದ ಬದುವಿದೆ. ತೋಟದಲ್ಲಿ ನಿಂತು ಕೆಲಸ ಮಾಡಿಸುವುದು ಮಾತ್ರ ನಡಿಗೆಯಲ್ಲ.

ನಾಲ್ಕನೆಯದು: ಮಾತ್ರೆ

ಇಷ್ಟೆಲ್ಲ ಮಾಡಿದರೂ ಆಹಾರದಿಂದ ಎಲ್‌ಡಿಎಲ್ ಶೇ 10–15ರಷ್ಟು ಇಳಿದರೆ ದೊಡ್ಡದು. 152 ಇದ್ದದ್ದು 70ಕ್ಕೆ ಬರಬೇಕಾದರೆ ಮಾತ್ರೆ ಬೇಕು. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಒಂದು ಬೂಷ್ಟಿನಲ್ಲಿ ಗುರುತಿಸಿದ ವಸ್ತುವಿನಿಂದ ಸ್ಟ್ಯಾಟಿನ್ ಔಷಧಗಳ ಕಥೆ ಆರಂಭವಾಗುತ್ತದೆ. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಎಂಬ ಹೆಸರುಗಳನ್ನು ನೀವು ಚೀಟಿಯಲ್ಲಿ ನೋಡಿರುತ್ತೀರಿ. ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಇವು ತಡೆಯುತ್ತವೆ. ಕೊಲೆಸ್ಟ್ರಾಲ್ ಕೊರತೆಯಾದಾಗ ಲಿವರ್ ತನ್ನ ಬಾಗಿಲುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಐದರಲ್ಲೊಂದು ಪಾಲು ತಗ್ಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಇವು ಅಗ್ಗದ ಬೆಲೆಗೆ ಸಿಗುತ್ತವೆ.

ಮೂರು ತಿಂಗಳ ಮಾತ್ರೆ ಮತ್ತು ಪಥ್ಯದ ನಂತರ ಚಿಕ್ಕಪ್ಪನ ಎಲ್‌ಡಿಎಲ್ 84. "ವಾಸಿಯಾಯಿತು" ಎಂದು ಸಂಭ್ರಮದಿಂದ ಫೋನ್ ಮಾಡಿ, ಮಾತ್ರೆ ನಿಲ್ಲಿಸಿಬಿಟ್ಟರು. ನಾಲ್ಕು ತಿಂಗಳ ಮೇಲೆ ಮತ್ತೆ 149. ಆ ದಿನ ನಾನು ನಿಜವಾಗಿಯೂ ಹೆದರಿದೆ. ಮಾತ್ರೆ ತೆಗೆದುಕೊಳ್ಳುವ ತನಕ ಬಾಗಿಲು ತೆರೆದಿರುತ್ತದೆ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಹಿಂದಿನ ಸ್ಥಿತಿ. ಅಂಕಿ ಇಳಿದಿದ್ದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥ, ಅದು ನಿಲ್ಲಿಸಲು ಅಪ್ಪಣೆಯಲ್ಲ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂದು ಮೊಬೈಲ್‌ನಲ್ಲಿ ಬರುವ ಸಂದೇಶಗಳನ್ನು ನಂಬಿ ಮಾತ್ರೆ ಬಿಡಬೇಡಿ, ದಯವಿಟ್ಟು.

ಸ್ನಾಯುಗಳಲ್ಲಿ ನೋವು ಬಂದರೆ ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ, ಅವರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ನೋವಿನ ಜೊತೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅಂದೇ ಹೋಗಿ. ಸಕ್ಕರೆ ಅಂಶ ಸ್ವಲ್ಪ ಏರಬಹುದು, ಆದರೆ ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ಬಹಳ ದೊಡ್ಡದು. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರ ಬಳಿ ಹೇಳಿಕೊಳ್ಳಬೇಕು. ಸ್ಟ್ಯಾಟಿನ್ ಪ್ರಮಾಣವನ್ನು ಇಮ್ಮಡಿ ಮಾಡಿದರೂ ಎಲ್‌ಡಿಎಲ್ ಮತ್ತೆ ಶೇ 6ರಷ್ಟೇ ಇಳಿಯುವುದರಿಂದ, ಚಿಕ್ಕಪ್ಪನಿಗೆ ವೈದ್ಯರು ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಈಗ 66 ಇದೆ. ಮಾತ್ರೆಯ ಡಬ್ಬಿ ರಾತ್ರಿ ಕುಡಿಯುವ ನೀರಿನ ಚೊಂಬಿನ ಪಕ್ಕದಲ್ಲೇ ಇರುತ್ತದೆ.

ಕೊನೆಯದು: ಮನೆಯವರ ಪರೀಕ್ಷೆ

ಎಲ್‌ಡಿಎಲ್ 190 ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಹಿಮ್ಮಡಿಯ ಮೇಲಿನ ನರದಂತಹ ಗಟ್ಟಿ ಸ್ನಾಯುಬಂಧದಲ್ಲಿ ಗಂಟು ಕಂಡರೆ, ಅದು ವಂಶಪಾರಂಪರ್ಯವಾಗಿ ಬಂದದ್ದಿರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಈ ಬಾಗಿಲುಗಳ ಕೊರತೆ ಇರುತ್ತದೆ. ಪಥ್ಯ ಎಷ್ಟೇ ಮಾಡಿದರೂ ಅವರಿಗೆ ಔಷಧ ಬೇಕು, ಅವರ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಪರೀಕ್ಷಿಸಬೇಕು.

ಚಿಕ್ಕಪ್ಪನದು ಆ ಬಗೆಯದಲ್ಲ. ಆದರೂ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗನನ್ನು ದಸರಾ ರಜೆಯಲ್ಲಿ ಕರೆದುಕೊಂಡು ಹೋಗಿ ರಕ್ತ ಕೊಡಿಸಿದರು. ಇಪ್ಪತ್ತೊಂದರ ಹುಡುಗನಿಗೆ ಎಲ್‌ಡಿಎಲ್ 128 ಬಂದಿದೆ. ಮಾತ್ರೆ ಈಗ ಬೇಡ, ಬೇಕರಿ ತಿಂಡಿ ಬಿಟ್ಟು ಆರು ತಿಂಗಳ ನಂತರ ಬಾ ಎಂದಿದ್ದಾರೆ ವೈದ್ಯರು. ಆ ತಾರೀಖನ್ನು ಚಿಕ್ಕಪ್ಪ ನಮ್ಮ ಲೆಕ್ಕವಿದ್ದ ಅದೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.